ಚಿತ್ರದ ಮುಂದೆ ಎಲ್ಲರಿಗೂ ಜಾಗ: ಆರ್ಟ್ ಮ್ಯೂಸಿಯಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಾ ಗ್ಯಾಲರಿಗಳಿಗೆ ಜನರನ್ನು ಕರೆದುಕೊಂಡು ಹೋಗುವುದು, ಅಲ್ಲಿ ಯಾರಿಗೆ ಎಲ್ಲಿ ಕಷ್ಟವಾಗುತ್ತದೆ ಅಂತ ನೋಡಿ ಗ್ಯಾಲರಿಯವರ ಹತ್ತಿರ ಮಾತಾಡುವುದು ನನ್ನ ಕೆಲಸ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಮನೆಯವರನ್ನು ಕರೆದುಕೊಂಡು ಹೋಗುವವರು ಕೇಳಿದ್ದೂ ಇದೆ, ಗ್ಯಾಲರಿ ನಡೆಸುವವರು ಕೇಳಿದ್ದೂ ಇದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಮೊದಲು ಬರುವ ಪ್ರಶ್ನೆಗಳು

ರ‍್ಯಾಂಪ್ ಹಾಕಿಸಿದ್ದೀವಲ್ಲ, ಇನ್ನೂ ಏನು ಬೇಕು?

ರ‍್ಯಾಂಪ್ ಬಾಗಿಲ ತನಕ ತಲುಪಿಸುತ್ತದೆ, ಅಷ್ಟೇ. ಜನ ಬರುವುದು ಚಿತ್ರ ನೋಡೋಕೆ. ಹಾಗಾಗಿ ನಾನು ಯಾವ ಗ್ಯಾಲರಿಗೆ ಹೋದರೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಬಂದವರು ತಮಗೆ ಇಷ್ಟವಾದ ಒಂದು ಚಿತ್ರದ ಮುಂದೆ, ಯಾರನ್ನೂ ಕಾಡದೆ ಬೇಡದೆ, ತಮಗೆ ಬೇಕಾದಷ್ಟು ಹೊತ್ತು ಇರಬಹುದಾ?

ಇದಕ್ಕೆ ಹೌದು ಅನ್ನಬೇಕಾದರೆ ಬೀದಿಯಿಂದಲೇ ಶುರು ಮಾಡಬೇಕು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯನ್ನೇ ನೋಡಿ. 1877ರ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ, 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಮ್ಯಾಪ್, ಎಲ್ಲ ಒಂದೇ ರಸ್ತೆಯಲ್ಲಿವೆ. ಹತ್ತಿರದ ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ. ಆದರೆ ನಿಲ್ದಾಣದಿಂದ ಗೇಟಿನವರೆಗಿನ ಫುಟ್‌ಪಾತ್, ಗೇಟಿನಿಂದ ಟಿಕೆಟ್ ಕೌಂಟರ್, ಕೌಂಟರಿನ ಎತ್ತರ, ಒಳಗಿನ ಹೊಸ್ತಿಲು, ಕೂರಲು ಬೆಂಚು, ಟಾಯ್ಲೆಟ್ ಬಾಗಿಲು, ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದದ್ದೆಲ್ಲ ದಂಡ.

ವೀಲ್‌ಚೇರ್‌ನಲ್ಲಿ ಬರೋರು ವರ್ಷಕ್ಕೆ ಇಬ್ಬರೋ ಮೂವರೋ. ಅಷ್ಟಕ್ಕೆ ಇಷ್ಟೊಂದು ಖರ್ಚು ಯಾಕೆ?

ಬರುತ್ತಿಲ್ಲ ಅಂದರೆ ಬರೋಕೆ ಆಗುತ್ತಿಲ್ಲ ಅಂತ ಅರ್ಥ. ಒಂದು ಸಲ ಬಂದು, ಮೆಟ್ಟಿಲ ಮೇಲೆ ನಾಲ್ಕು ಜನರ ಕೈಯಲ್ಲಿ ಎತ್ತಿಸಿಕೊಂಡು ಹೋದವರು ಇನ್ನೊಂದು ಸಲ ಬರುವುದಿಲ್ಲ. ತಮ್ಮ ಸ್ನೇಹಿತರಿಗೂ ಹೋಗಬೇಡಿ ಅನ್ನುತ್ತಾರೆ.

ಅಲ್ಲದೆ ಇದು ಬರೀ ವೀಲ್‌ಚೇರ್ ವಿಷಯ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾನೂನು 21 ಬಗೆಯ ಅಂಗವೈಕಲ್ಯವನ್ನು ಪಟ್ಟಿ ಮಾಡಿದೆ. ಅದರಲ್ಲಿ ಎಷ್ಟೋ ಹೊರಗೆ ಕಾಣುವುದೇ ಇಲ್ಲ. ಮಂದ ದೃಷ್ಟಿ, ಆಟಿಸಂ, ಥಲಸ್ಸೇಮಿಯಾ, ಪಾರ್ಕಿನ್ಸನ್ ಎಲ್ಲವೂ ಅದರಲ್ಲಿ ಬರುತ್ತವೆ. ಕಾನೂನಿನ ಪಟ್ಟಿಯಲ್ಲಿ ಇಲ್ಲದವರೂ ಇದ್ದಾರೆ: ಬಸುರಿಯರು, ಎಳೆಗೂಸು ಎತ್ತಿಕೊಂಡು ಬಂದವರು, ಮೊನ್ನೆ ತಾನೇ ಆಪರೇಷನ್ ಆದವರು, ಎಪ್ಪತ್ತು ದಾಟಿದ ನಮ್ಮ ಅಪ್ಪ ಅಮ್ಮಂದಿರು. ಇವರನ್ನೆಲ್ಲ ತೆಗೆದರೆ ಗ್ಯಾಲರಿಯಲ್ಲಿ ಉಳಿಯುವವರು ಎಷ್ಟು ಜನ?

ಇದೆಲ್ಲ ಮಾಡಲೇಬೇಕು ಅಂತ ಕಾನೂನು ಇದೆಯಾ, ಇಲ್ಲ ಒಳ್ಳೆ ಮನಸ್ಸಿದ್ರೆ ಮಾಡೋದಾ?

ಕಾನೂನು ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ಮೇಲೆ ಐದು ವರ್ಷ ಕೊಟ್ಟಿತ್ತು. ಆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತುರಿ ಪ್ರಕರಣದಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿತು. ಅಳತೆ ಮತ್ತು ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಕಾಯ್ದೆಗೆ ಅರ್ಥವಿಲ್ಲ, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಸೂಚಿಸಿತು. ನಿಮ್ಮ ಗ್ಯಾಲರಿ ಖಾಸಗಿ ಟ್ರಸ್ಟಿನದಾದರೂ ಸಾರ್ವಜನಿಕರಿಗೆ ತೆರೆದಿದ್ದರೆ ಹೊರಗೆ ಉಳಿಯುವ ಹಾಗಿಲ್ಲ.

ಆದರೂ ಒಂದು ಮಾತು. ಕಾನೂನಿಗೆ ಹೆದರಿ ಮಾಡಿದ ಕೆಲಸ ಒಳಗೆ ಹೋದ ಕೂಡಲೇ ಗೊತ್ತಾಗುತ್ತದೆ. ಕಣ್ಣು ಕಾಣದವರು ದಾರಿ ಹಿಡಿಯಲಿ ಅಂತ ನೆಲದ ಮೇಲೆ ಹಳದಿ ಉಬ್ಬು ಟೈಲ್ಸ್ ಹಾಕಿರುತ್ತಾರೆ, ಅದು ನೇರವಾಗಿ ಹೂಕುಂಡಕ್ಕೆ ಹೋಗಿ ನಿಂತಿರುತ್ತದೆ.

ನಮ್ಮದು ಸಣ್ಣ ಗ್ಯಾಲರಿ, ಕೈಯಲ್ಲಿ ದುಡ್ಡಿಲ್ಲ. ಮೊದಲು ಏನು ಮಾಡೋಣ?

ಮೊದಲು ಬೆಂಚು ಹಾಕಿ. ಬೆನ್ನಿಗೆ ಒರಗು ಇರಲಿ, ಏಳುವಾಗ ಊರಿಕೊಳ್ಳೋಕೆ ಕೈ ಇರಲಿ. ಒಂದು ಮೂಲೆಯಲ್ಲಿ ನಾಲ್ಕು ಹಾಕಬೇಡಿ, ಚಿತ್ರದ ಎದುರಿಗೇ ಒಂದೊಂದು ಹಾಕಿ.

ಎರಡನೆಯದು, ನಿಮ್ಮ ಜಾಗದ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಪ್ರಕಟಿಸಿ. ಬಾಗಿಲಿಗೆ ಎರಡು ಮೆಟ್ಟಿಲಿವೆ, ಲಿಫ್ಟ್ ಇಲ್ಲ, ಟಾಯ್ಲೆಟ್ ಬಾಗಿಲು ಇಷ್ಟು ಅಗಲ, ಮಧ್ಯಾಹ್ನ ಜನ ಕಮ್ಮಿ, ಬರುವ ಮುಂಚೆ ಫೋನ್ ಮಾಡಬಹುದು. ಕೊರತೆ ಬರೆಯೋಕೆ ನಾಚಿಕೊಳ್ಳಬೇಡಿ. ಮೆಟ್ಟಿಲಿದೆ ಅಂತ ಮನೆಯಲ್ಲೇ ಗೊತ್ತಾದರೆ ಆಟೋ ದುಡ್ಡು ಮತ್ತು ಒಂದು ಇಡೀ ದಿನ ಉಳಿಯುತ್ತದೆ. ಮೂರನೆಯದು, ಸ್ಟೋರ್ ರೂಮಿಗೆ ಬೀಗ ಹಾಕಿ ಇಟ್ಟಿರುವ ವೀಲ್‌ಚೇರ್ ಹೊರಗೆ ತಂದು, ಚಕ್ರಕ್ಕೆ ಗಾಳಿ ಹಾಕಿಸಿ, ಬಾಗಿಲ ಪಕ್ಕ ಇಡಿ.

## ಮನೆಯವರನ್ನು ಕರೆದುಕೊಂಡು ಹೋಗುವವರಿಗೆ

ಅಮ್ಮನಿಗೆ ಮಂಡಿನೋವು, ಹತ್ತು ನಿಮಿಷ ನಿಂತ್ರೆ ಸಾಕು ಅಳ್ತಾರೆ. ಕರ್ಕೊಂಡು ಹೋಗಬಹುದಾ?

ಖಂಡಿತ ಹೋಗಿ, ಆದರೆ ಇಡೀ ಮ್ಯೂಸಿಯಂ ನೋಡಿಸುವ ಆಸೆ ಬಿಡಿ. ಒಂದು ಕೋಣೆ, ನಾಲ್ಕೈದು ಚಿತ್ರ, ಮಧ್ಯೆ ಒಂದು ಕಾಫಿ. ಮ್ಯೂಸಿಯಂ ಸುತ್ತಿದರೆ ಮೈಗೂ ಮನಸ್ಸಿಗೂ ಸುಸ್ತಾಗುತ್ತದೆ ಅಂತ ಅಮೆರಿಕದ ಬಾಸ್ಟನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಬರೆದಿದ್ದರು. ಗಾಜಿನ ಪೆಟ್ಟಿಗೆಗಳನ್ನು ನೋಡೋಕೆ ಮನುಷ್ಯ ಹೇಗೆಲ್ಲ ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು ಅಂತ ಫೋಟೋ ತೆಗೆದೇ ತೋರಿಸಿದ್ದರು. ಅಂದರೆ ಆರೋಗ್ಯವಾಗಿರುವವರಿಗೂ ಸುಸ್ತಾಗುತ್ತದೆ, ಅಮ್ಮನಿಗೆ ಆದರೆ ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ.

ಬೆಂಚು ಇಲ್ಲದಿದ್ದರೆ ಕುರ್ಚಿ ಕೇಳಿ. ಕಾವಲಿನವರು ಕೂರುವ ಪ್ಲಾಸ್ಟಿಕ್ ಕುರ್ಚಿಯಾದರೂ ಸಿಗುತ್ತದೆ. ಮಡಚುವ ಸ್ಟೂಲ್ ಒಯ್ಯಬಹುದಾ ಅಂತ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಅಲ್ಲಿರುವ ವೀಲ್‌ಚೇರ್ ತೊಗೊಳ್ಳೋಕೆ ಅಮ್ಮ ಒಪ್ಪದೇ ಇರಬಹುದು. ಬಲವಂತ ಬೇಡ.

ಮಗನಿಗೆ ಆಟಿಸಂ ಇದೆ. ಜೋರು ಸದ್ದು ಆದ್ರೆ ಕಿವಿ ಮುಚ್ಕೊಂಡು ಕೂಗ್ತಾನೆ. ಜನ ನೋಡ್ತಾರೆ ಅಂತ ಭಯ.

ವಾರದ ಮಧ್ಯೆ, ಬಾಗಿಲು ತೆರೆದ ಮೊದಲ ಗಂಟೆಗೆ ಹೋಗಿ. ಶಾಲೆಯ ಬಸ್ಸುಗಳು ಯಾವತ್ತು ಬರುತ್ತವೆ ಅಂತ ಕೇಳಿ ಆ ದಿನ ತಪ್ಪಿಸಿ. ಹೋಗುವ ಮುಂಚೆ ಗೇಟು, ಬ್ಯಾಗ್ ತಪಾಸಣೆ, ಮೆಟ್ಟಿಲು, ಟಾಯ್ಲೆಟ್ ಫೋಟೋಗಳನ್ನು ಸಾಲಾಗಿ ತೋರಿಸಿ, ಮೊದಲು ಇದು, ಆಮೇಲೆ ಇದು ಅಂತ ಹೇಳಿಡಿ. ಬ್ಯಾಗ್ ತಪಾಸಣೆಯ ಹತ್ತಿರ ಗೊತ್ತಿಲ್ಲದವರು ಮೈ ಮುಟ್ಟುವುದು ಎಷ್ಟೋ ಮಕ್ಕಳಿಗೆ ತಡೆಯೋಕಾಗುವುದಿಲ್ಲ, ಅದನ್ನು ಮಾತ್ರ ಮೊದಲೇ ಸೆಕ್ಯೂರಿಟಿಯವರಿಗೆ ತಿಳಿಸಿ.

ಗ್ಯಾಲರಿಯವರಿಗೂ ಇಲ್ಲಿ ಕೆಲಸವಿದೆ. ತಿಂಗಳಿಗೆ ಒಂದು ದಿನ ವಿಡಿಯೋಗಳ ಸದ್ದು ತಗ್ಗಿಸಿ, ಮಿನುಗುವ ಲೈಟ್ ಆರಿಸಿ, ಜನರನ್ನು ಕಮ್ಮಿ ಬಿಡುವುದು. ಒಂದು ಸಣ್ಣ ಕೋಣೆ, ಕಿಟಕಿಗೆ ಪರದೆ, ನೆಲಕ್ಕೆ ಚಾಪೆ ಇದ್ದರೆ ಸಾಕು. ಮಗು ಅಲ್ಲಿ ಸುಧಾರಿಸಿಕೊಂಡು ಮತ್ತೆ ಚಿತ್ರದ ಹತ್ತಿರ ಬರುತ್ತದೆ. ಇಲ್ಲದಿದ್ದರೆ ತಂದೆತಾಯಿ ನೇರ ಮನೆಗೆ ಹೋಗುತ್ತಾರೆ.

## ಕಟ್ಟಡದ ಪ್ರಶ್ನೆಗಳು

ಬಾಗಿಲಿಗೆ ಮೂರು ಮೆಟ್ಟಿಲಿದೆ. ರ‍್ಯಾಂಪ್ ಎಷ್ಟು ಉದ್ದ ಬೇಕು?

ಅಳತೆ 1:12. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ. 15 ಸೆಂ.ಮೀ.ನ ಮೂರು ಮೆಟ್ಟಿಲು ಅಂದರೆ 45 ಸೆಂ.ಮೀ., ಅದಕ್ಕೆ 5.4 ಮೀಟರ್ ರ‍್ಯಾಂಪ್ ಬೇಕು. ಮೇಲೂ ಕೆಳಗೂ ವೀಲ್‌ಚೇರ್ ತಿರುಗಿಸೋಕೆ ಒಂದೂವರೆ ಮೀಟರ್ ಸಮತಟ್ಟು ಜಾಗ ಬೇರೆ. ಜಾಗ ಉಳಿಸೋಕೆ ಹೋಗಿ ಕಡಿದಾಗಿ ಮಾಡಿದರೆ ಮೇಲೆ ಹತ್ತೋಕೂ ಆಗುವುದಿಲ್ಲ, ಇಳಿಯುವಾಗ ಅಪಾಯ. ಎರಡೂ ಕಡೆ ಕಂಬಿ ಬೇಕು, 90 ಸೆಂ.ಮೀ. ಎತ್ತರಕ್ಕೆ ಒಂದು, 76ಕ್ಕೆ ಇನ್ನೊಂದು. ನಮ್ಮ ಕಡೆ ರ‍್ಯಾಂಪಿಗೂ ಪಾಲಿಶ್ ಮಾಡಿದ ಗ್ರಾನೈಟ್ ಹಾಸುತ್ತಾರೆ. ಮಳೆ ಬಿದ್ದರೆ ನಡೆಯುವವರೂ ಜಾರುತ್ತಾರೆ. ದಯವಿಟ್ಟು ಒರಟು ಕಲ್ಲು ಹಾಕಿ.

ಹಳೇ ಪಾರಂಪರಿಕ ಕಟ್ಟಡ. ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಏನು ಮಾಡೋದು?

ಕಿತ್ತು ತೆಗೆಯಬಹುದಾದ ದಾರಿ ಹುಡುಕಿ. ಗೋಡೆಗೆ ಅಂಟದೆ ನಿಲ್ಲುವ ಮರದ ಅಥವಾ ಉಕ್ಕಿನ ರ‍್ಯಾಂಪ್ ಮಾಡಿಸಬಹುದು. ಪಕ್ಕದ ಬಾಗಿಲು ನೆಲಕ್ಕೆ ಸಮ ಇದ್ದರೆ ಅದನ್ನೇ ಎಲ್ಲರಿಗೂ ಮುಖ್ಯ ಬಾಗಿಲು ಮಾಡಿ. ಅಂಗವಿಕಲರಿಗೆ ಮಾತ್ರ ಹಿತ್ತಲ ಬಾಗಿಲು ಅಂತ ಮಾಡಬೇಡಿ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ಶುರುವಾದಾಗ ಹಳೆಯ ಬಂಗಲೆಯನ್ನು ಉಳಿಸಿಕೊಂಡು ಪಕ್ಕಕ್ಕೆ ಹೊಸ ಕಟ್ಟಡ ಸೇರಿಸಿದರು. ಎಲ್ಲರಿಗೂ ಅಷ್ಟು ಜಾಗ, ದುಡ್ಡು ಇರುವುದಿಲ್ಲ, ನಿಜ. ಆಗ ಮೇಲಿನ ಮಹಡಿಯ ಒಳ್ಳೊಳ್ಳೆ ಚಿತ್ರಗಳನ್ನು ಸರದಿಯ ಮೇಲೆ ಕೆಳಗೆ ತನ್ನಿ. ಮೇಲಿನ ಮಹಡಿಯ ಫೋಟೋ ಆಲ್ಬಮ್ ಕೊಟ್ಟು ಕೂರಿಸುವುದು ಕೊನೆಯ ದಾರಿ, ಮೊದಲನೆಯದಲ್ಲ.

ಟಾಯ್ಲೆಟ್‌ಗೂ ಕಲೆಗೂ ಏನು ಸಂಬಂಧ?

ಟಾಯ್ಲೆಟ್ ಇಲ್ಲ ಅಂತ ಗೊತ್ತಿದ್ದವರು ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ, ಅರ್ಧ ಗಂಟೆಗೆ ವಾಪಸ್ ಹೋಗುತ್ತಾರೆ. ಬಾಗಿಲು 90 ಸೆಂ.ಮೀ. ಅಗಲ, ಹೊರಗೆ ತೆರೆಯಬೇಕು, ಒಳಗೆ ಕಂಬಿ ಇರಬೇಕು. ಅದರೊಳಗೆ ಪೊರಕೆ ಬಕೆಟ್ ಇಡಬಾರದು.

## ಚಿತ್ರದ ಮುಂದೆ

ಚಿತ್ರ ಎಷ್ಟು ಎತ್ತರಕ್ಕೆ ತೂಗುಹಾಕಬೇಕು?

ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ.ಗೆ ಬರುವಂತೆ ಹಾಕುವುದು ರೂಢಿ. ಅದು ನಿಂತ ದೊಡ್ಡವರ ಲೆಕ್ಕ. ವೀಲ್‌ಚೇರ್‌ನಲ್ಲಿ ಕೂತವರ ಕಣ್ಣು ಸುಮಾರು 110ರಿಂದ 120ಕ್ಕೆ ಬರುತ್ತದೆ, ಮಕ್ಕಳದೂ ಹತ್ತಿರ ಹತ್ತಿರ ಅಷ್ಟೇ. ಸ್ವಲ್ಪ ಕೆಳಗಿಳಿಸಿದರೆ ನಿಂತವರಿಗೆ ನಷ್ಟವಿಲ್ಲ. ಒಂದು ಕೆಲಸ ಮಾಡಿ, ಕುರ್ಚಿ ಹಾಕಿಕೊಂಡು ಪ್ರತಿ ಚಿತ್ರದ ಮುಂದೆ ಕೂತು ನೋಡಿ. ಎಷ್ಟೋ ಕಡೆ ಗಾಜಿನಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಮಿನಿಯೇಚರ್ ಅಂದರೆ ಕಿರುಚಿತ್ರಗಳನ್ನು ಇಡುವ ಮೇಜಿನಂಥ ಪೆಟ್ಟಿಗೆಗಳಿದ್ದರೆ ಕೆಳಗೆ ಮೊಣಕಾಲು ಹೋಗುವಷ್ಟು ಜಾಗ ಬಿಡಿ.

ಲೇಬಲ್‌ನಲ್ಲಿ ಕನ್ನಡ ಹಾಕಿದ್ದೀವಿ, ಆದ್ರೂ ಜನ ಓದಲ್ಲ ಯಾಕೆ?

ಇಂಗ್ಲಿಷಿಗೆ ಇಟ್ಟ ಸೈಜನ್ನೇ ಕನ್ನಡಕ್ಕೂ ಇಟ್ಟಿರುತ್ತೀರಿ, ಅದಕ್ಕೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತಕ್ಷರ ಇದೆ, ಮೇಲೆ ಗುಡಿಸು ಇದೆ, ಪಕ್ಕಕ್ಕೆ ದೀರ್ಘ ಇದೆ. ಅದೇ ಪಾಯಿಂಟ್‌ನಲ್ಲಿ ಕನ್ನಡ ಚಿಕ್ಕದಾಗಿ, ಒತ್ತೊತ್ತಾಗಿ ಕಾಣುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಇಂಗ್ಲಿಷಿಗಿಂತ ಒಂದೆರಡು ಪಾಯಿಂಟ್ ಜಾಸ್ತಿ ಕೊಡಿ, ಸಾಲಿನ ನಡುವೆ ಧಾರಾಳವಾಗಿ ಜಾಗ ಬಿಡಿ. ಬಿಳಿ ಗೋಡೆಯ ಮೇಲೆ ಬೂದು ಅಕ್ಷರ ಬೇಡವೇ ಬೇಡ. ಐವತ್ತು ಪದದೊಳಗೆ ಮುಗಿಸಿ. ಮೊದಲ ವಾಕ್ಯದಲ್ಲಿ ಚಿತ್ರದಲ್ಲಿ ಕಾಣುವುದರ ಬಗ್ಗೆಯೇ ಬರೆಯಿರಿ. "ಆಧುನಿಕೋತ್ತರ ಸಂವೇದನೆ" ಅಂತ ಶುರು ಮಾಡಿದರೆ ಕಣ್ಣು ಚೆನ್ನಾಗಿರುವವರೂ ಮುಂದಕ್ಕೆ ಹೋಗುತ್ತಾರೆ.

ಒಳಗೆ ಅಷ್ಟು ಕತ್ತಲೆ ಯಾಕೆ? ಲೈಟ್ ಜಾಸ್ತಿ ಹಾಕೋಕೆ ಏನು ಕಷ್ಟ?

ಬೆಳಕು ಚಿತ್ರವನ್ನು ತಿನ್ನುತ್ತದೆ. ಜಲವರ್ಣ, ಕಾಗದ, ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರದಂತೆ ನೋಡಿಕೊಳ್ಳುತ್ತಾರೆ, ತೈಲವರ್ಣಕ್ಕೆ ಸುಮಾರು 200. ಒಮ್ಮೆ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ನಮ್ಮ ಮೊಮ್ಮಕ್ಕಳೂ ನೋಡಬೇಕಲ್ವಾ? ಹಾಗಾಗಿ ಚಿತ್ರಕ್ಕೆ ಬೆಳಕು ಕಮ್ಮಿ ಇರಲಿ, ಲೇಬಲ್‌ಗೆ ಪ್ರತ್ಯೇಕ ಸಣ್ಣ ದೀಪ ಹಾಕಿ. ದೊಡ್ಡಕ್ಷರದ ಹಾಳೆಗಳನ್ನು ಬಾಗಿಲಲ್ಲೇ ಕೊಡಿ, ಜನ ಬೆಂಚಿಗೆ ಒಯ್ದು ಓದಿಕೊಳ್ಳಲಿ. ಬಿಸಿಲಿನಿಂದ ಬಂದವರ ಕಣ್ಣು ಹೊಂದಿಕೊಳ್ಳೋಕೆ ಮಂದ ಬೆಳಕಿನ ಒಂದು ನಡುವಿನ ಜಾಗ ಬೇಕು. ವಯಸ್ಸಾದವರಿಗೆ ಅದು ಇನ್ನೂ ಹೊತ್ತು ಹಿಡಿಯುತ್ತದೆ.

ಕಣ್ಣು ಕಾಣದವರು ಚಿತ್ರಗಳ ಗ್ಯಾಲರಿಗೆ ಬಂದು ಏನು ಮಾಡ್ತಾರೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಹಾಗಾಗಿ ಸಮಾಧಾನವಾಗಿ ಹೇಳುತ್ತೇನೆ. ಮೊದಲಿಗೆ, ಅಂಧರು ಅನ್ನಿಸಿಕೊಂಡವರಲ್ಲಿ ತುಂಬ ಜನರಿಗೆ ಸ್ವಲ್ಪ ಕಾಣುತ್ತದೆ. ಬೆಳಕು, ನೆರಳು, ದೊಡ್ಡ ಆಕಾರ, ಬಣ್ಣ. ಎಷ್ಟೋ ಜನ ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು, ಅವರಿಗೆ ಬಣ್ಣ ನೆನಪಿದೆ. ಹುಟ್ಟಿನಿಂದ ಕಾಣದವರಿಗೂ ಚಿತ್ರದ ವಿಷಯ ಬೇಕು. ರವಿವರ್ಮ ಅನ್ನುವ ಹೆಸರು ಅವರ ಕಿವಿಗೂ ಬಿದ್ದಿರುತ್ತದೆ.

ಅವರಿಗೆ ಮಾತಿನಲ್ಲಿ ಚಿತ್ರ ಕಟ್ಟಿಕೊಡಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಗೊತ್ತಲ್ಲ, ಎಸ್. ಎಲ್. ಹಲ್ದಣಕರ್ ಬರೆದದ್ದು? ರವಿವರ್ಮನದು ಅಂತ ಜನ ತಪ್ಪಾಗಿ ಹೇಳುವ ಅದೇ ಚಿತ್ರ. "ಆಶಾಕಿರಣವನ್ನು ಸೂಚಿಸುವ ಅದ್ಭುತ ಕಲಾಕೃತಿ" ಅಂದರೆ ಕೇಳುವವರ ಕೈಗೆ ಏನೂ ಸಿಗುವುದಿಲ್ಲ. ಹೀಗೆ ಹೇಳಿ ನೋಡಿ: "ಇದು ಜಲವರ್ಣ. ಸುತ್ತ ಕತ್ತಲೆ. ನಡುವೆ ಸೀರೆ ಉಟ್ಟ ಯುವತಿ ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ, ಹಾಗಾಗಿ ಬೆಳಕು ನಮ್ಮ ಕಡೆ ಬರದೆ ಅವಳ ಮುಖದ ಮೇಲೆ ಬೀಳುತ್ತಿದೆ. ಬೆರಳುಗಳ ಸಂದಿಯಲ್ಲಿ ಬೆಳಕು ತೂರಿ ಬೆರಳಂಚು ಕೆಂಪಗೆ ಹೊಳೆಯುತ್ತಿದೆ." ಇಷ್ಟು ಹೇಳಿದರೆ ಕೇಳುವವರು ತಾವೇ ಕೈ ಎತ್ತಿ ಆ ಭಂಗಿ ಮಾಡಿ ನೋಡುತ್ತಾರೆ. ಆ ಶಾಖ ಅಂಗೈಗೆ ಹೇಗಿರುತ್ತದೆ ಅಂತ ದೀಪ ಹಚ್ಚಿದ ಎಲ್ಲರಿಗೂ ಗೊತ್ತು.

ಕ್ರಮ ಇಷ್ಟೇ. ಮೊದಲು ಅಳತೆ, ಜಲವರ್ಣವೋ ತೈಲವರ್ಣವೋ, ಒಟ್ಟಾರೆ ಏನಿದೆ. ಆಮೇಲೆ ಎಲ್ಲಿ ಏನಿದೆ. ಆಮೇಲೆ ಬೆಳಕು, ಬಣ್ಣ. ನಿಮ್ಮ ಅಭಿಪ್ರಾಯ ಕೊನೆಗೆ, ಅದೂ ಕೇಳಿದರೆ. ರೆಕಾರ್ಡ್ ಮಾಡುವುದಾದರೆ ಎರಡು ನಿಮಿಷ ಮೀರದಿರಲಿ.

ಮುಟ್ಟೋಕೆ ಬಿಟ್ರೆ ಕಲಾಕೃತಿ ಹಾಳಾಗಲ್ವಾ?

ಮೂಲ ಚಿತ್ರವನ್ನು ಮುಟ್ಟಬಾರದು. ಕೈಯ ಎಣ್ಣೆ, ಬೆವರಿನ ಉಪ್ಪು ನಿಜಕ್ಕೂ ಹಾನಿ ಮಾಡುತ್ತವೆ. ಮುಟ್ಟೋಕೆ ಪ್ರತಿಕೃತಿ ಮಾಡಿಸಬೇಕು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ ಶುರುವಾದ "ಅನುಭವ್" ಗ್ಯಾಲರಿ ಹೀಗೇ ಪ್ರತಿಕೃತಿಗಳಿಂದ ಆದದ್ದು. ಅದೇ ವರ್ಷ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂ ತನ್ನ ಆರು ಚಿತ್ರಗಳ ಉಬ್ಬು ಪ್ರತಿಗಳನ್ನು ಇಟ್ಟಿತು. ಇಟಲಿಯ ಅಂಕೋನಾದಲ್ಲಿ 1993ರಲ್ಲಿ ಶುರುವಾದ ಒಮೆರೋ ಮ್ಯೂಸಿಯಂ ಅಂತೂ ಇಡೀ ಮುಟ್ಟಿ ನೋಡುವ ಮ್ಯೂಸಿಯಂ. ಅದನ್ನು ಕಟ್ಟಿಸಿದ್ದು ಒಂದು ಅಂಧ ದಂಪತಿ.

ನಮ್ಮ ಕಡೆ ಮುಟ್ಟುವಂಥ ಕಲೆಗೆ ಬರವೇ ಇಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಬಿಳಿ ಪುಡಿಗೆ ಅಂಟು ಕಲಸಿ ಗೆರೆ ಎಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ಒಡವೆಯ ಗೆರೆ ಬೆರಳಿಗೆ ಸಣ್ಣಗೆ ಸಿಗುತ್ತದೆ. ಈಗಲೂ ಈ ಕೆಲಸ ಮಾಡುವ ಕಲಾವಿದರಿಂದ ಒಂದು ತುಂಡು ಮಾಡಿಸಿ ಇಟ್ಟರೆ ಕಾಣುವವರೂ ಸಾಲಿನಲ್ಲಿ ನಿಲ್ಲುತ್ತಾರೆ. ಬಿದರಿ ಹೂಜಿ ಕೊಡುವುದಾದರೆ ಒಂದು ಎಚ್ಚರ ಬೇಕು. ಕೆಲಸ ಮುಗಿದ ಹೂಜಿಯಲ್ಲಿ ಬೆಳ್ಳಿ ಲೋಹದ ಜೊತೆ ನಯವಾಗಿ ಸೇರಿಹೋಗಿರುತ್ತದೆ, ಬೆರಳಿಗೆ ಬಳ್ಳಿಯೂ ಸಿಗುವುದಿಲ್ಲ, ಹೂವೂ ಸಿಗುವುದಿಲ್ಲ. ಎರಕ ಹೊಯ್ದದ್ದು ಒಂದು, ಕೊರೆದದ್ದು ಒಂದು, ಬೆಳ್ಳಿ ತಂತಿ ಕೂರಿಸಿ ಇನ್ನೂ ಉಜ್ಜದೇ ಇರುವುದು ಒಂದು, ಮುಗಿದದ್ದು ಒಂದು, ಹೀಗೆ ನಾಲ್ಕು ಹಂತ ಸಾಲಾಗಿ ಇಡಿ.

ಬ್ರೈಲ್ ಫಲಕ ಹಾಕಿದ್ರೆ ಸಾಕಲ್ವಾ?

ಸಾಲದು. ಬ್ರೈಲ್ ಕಲಿತವರಿಗೆ ಅದು ಬೇಕೇ ಬೇಕು, ಕನ್ನಡದ ಬ್ರೈಲೇ ಬೇಕು. ಆದರೆ ತಡವಾಗಿ ದೃಷ್ಟಿ ಕಳೆದುಕೊಂಡ ಬಹಳ ಜನ ಬ್ರೈಲ್ ಓದುವುದಿಲ್ಲ, ಅವರಿಗೆ ಧ್ವನಿ ಬೇಕು. ಫಲಕವನ್ನು ಗೋಡೆಯ ಮೇಲೆ ಎತ್ತರಕ್ಕೆ ಅಂಟಿಸಬೇಡಿ, ಸೊಂಟದ ಎತ್ತರದಲ್ಲಿ ಸ್ವಲ್ಪ ಓರೆಯಾಗಿ ಇಡಿ. ಅಲ್ಲೊಂದು ಫಲಕ ಇದೆ ಅಂತ ಅವರಿಗೆ ಗೊತ್ತಾಗುವ ವ್ಯವಸ್ಥೆಯೂ ಇರಲಿ. ಅಚ್ಚು ಹಾಕುವ ಮುಂಚೆ ಬ್ರೈಲ್ ಬಲ್ಲವರಿಂದ ಓದಿಸಿ.

ಕಿವುಡರಿಗೆ ಕಣ್ಣು ಚೆನ್ನಾಗಿದೆಯಲ್ಲ, ಅವರಿಗೇನು ತೊಂದರೆ?

ಹುಟ್ಟಿನಿಂದ ಕೇಳದ ಅನೇಕರಿಗೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ. ಅದಕ್ಕೆ ಅದರದೇ ವ್ಯಾಕರಣ ಇದೆ. ಕನ್ನಡದ ಉದ್ದ ಲೇಬಲ್ ಅವರಿಗೆ ಎರಡನೇ ಭಾಷೆಯ ಓದು. ಸಂಜ್ಞಾ ಭಾಷೆಯ ಸಣ್ಣ ವಿಡಿಯೋಗಳನ್ನು ಮಾಡಿಸಿ, ಗ್ಯಾಲರಿಯ ಎಲ್ಲ ವಿಡಿಯೋಗಳಿಗೂ ಕೆಳಗೆ ಅಕ್ಷರ ಹಾಕಿ. ಗೈಡ್ ಜೊತೆ ಸುತ್ತುವಾಗ ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಕೇಳುವವರು ಮಾತು ಕೇಳುತ್ತಲೇ ಚಿತ್ರ ನೋಡಬಹುದು. ಕಿವುಡರು ದುಭಾಷಿಯ ಕೈಯನ್ನೂ ಚಿತ್ರವನ್ನೂ ಒಟ್ಟಿಗೆ ನೋಡೋಕಾಗುವುದಿಲ್ಲ. ಹೇಳಿ, ನಿಲ್ಲಿಸಿ, ನೋಡೋಕೆ ಸಮಯ ಕೊಡಿ, ಆಮೇಲೆ ಮುಂದಿನ ಮಾತು. ದುಭಾಷಿಯ ಮುಖದ ಮೇಲೆ ಬೆಳಕಿರಲಿ.

## ಇನ್ನೂ ಮುಂದಕ್ಕೆ

ಅಜ್ಜನಿಗೆ ಮರೆವಿನ ಕಾಯಿಲೆ. ನೋಡಿದ್ದು ಐದು ನಿಮಿಷಕ್ಕೆ ಮರೀತಾರೆ. ಗ್ಯಾಲರಿ ತೋರಿಸಿ ಏನು ಉಪಯೋಗ?

ಆ ಐದು ನಿಮಿಷ ಅವರಿಗೆ ಸಂತೋಷವಾದರೆ ಅದೇ ಉಪಯೋಗ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾ 2006ರಿಂದ ಡಿಮೆನ್ಷಿಯಾ ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಟ್ಟಿಗೆ ಗ್ಯಾಲರಿ ಭೇಟಿ ನಡೆಸಿದೆ. ಅಂಥ ಭೇಟಿಗಳಲ್ಲಿ ಸಣ್ಣ ಗುಂಪು, ಕೆಲವೇ ಚಿತ್ರ, ಎಲ್ಲರಿಗೂ ಕುರ್ಚಿ. "ಇದು ಯಾರದು, ನೆನಪಿದೆಯಾ?" ಅಂತ ಪರೀಕ್ಷೆ ಮಾಡುವುದಿಲ್ಲ. "ಇಲ್ಲಿ ಏನು ನಡೀತಿದೆ ಅನ್ಸುತ್ತೆ?" ಅಂತ ಕೇಳುತ್ತಾರೆ. ಅದಕ್ಕೆ ತಪ್ಪು ಉತ್ತರವೇ ಇಲ್ಲ. ನೀವು ಅಜ್ಜನನ್ನು ಕರೆದುಕೊಂಡು ಹೋಗುವಾಗಲೂ ಹೀಗೇ ಕೇಳಿ. ಹೊಲ, ಎತ್ತು, ಸಂತೆ, ಜಾತ್ರೆ ಇರುವ ಚಿತ್ರದ ಮುಂದೆ ಕೂರಿಸಿದರೆ ಮಾತು ತಾನಾಗಿ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಸಿಬ್ಬಂದಿಗೆ ಏನು ಹೇಳಿಕೊಡಬೇಕು?

ಬಂದವರ ಜೊತೆ ಅತಿ ಹೆಚ್ಚು ಹೊತ್ತು ಇರುವವರು ಸೆಕ್ಯೂರಿಟಿಯವರು. ಆದರೂ ತರಬೇತಿ ಕಚೇರಿಯವರಿಗೆ ಮಾತ್ರ ಸಿಗುತ್ತದೆ. ಸೆಕ್ಯೂರಿಟಿಯವರಿಂದಲೇ ಶುರು ಮಾಡಿ. ಕಲಿಸಬೇಕಾದ್ದು ಬಹಳ ಇಲ್ಲ. ವೀಲ್‌ಚೇರ್‌ನಲ್ಲಿರುವ ಮೇಡಂ ಜೊತೆ ಮಾತಾಡಿ, ತಳ್ಳುವವರ ಹತ್ತಿರ "ಇವ್ರಿಗೆ ಏನು ಬೇಕಂತೆ?" ಅಂತ ಕೇಳಬೇಡಿ. ಕೇಳದೆ ವೀಲ್‌ಚೇರ್ ಹಿಡಿಯಬೇಡಿ. ಕಣ್ಣು ಕಾಣದವರ ಕೈ ಎಳೆಯಬೇಡಿ, "ನನ್ನ ಮೊಣಕೈ ಹಿಡ್ಕೋತೀರಾ ಸಾರ್?" ಅಂತ ಕೇಳಿ. ಯಾರಾದರೂ ಒಂದೇ ಚಿತ್ರದ ಮುಂದೆ ತುಂಬಾ ಹೊತ್ತು ಕೂತರೆ ಏಳಿಸಬೇಡಿ. ಇನ್ನು, ದಿನವಿಡೀ ನಿಲ್ಲುವ ಅವರಿಗೂ ಕುರ್ಚಿ ಕೊಡಿ. ಕಾಲು ನೋಯುತ್ತಿರುವವರಿಂದ ಸಹನೆ ನಿರೀಕ್ಷಿಸುವುದು ನ್ಯಾಯವಲ್ಲ.

ಎಲ್ಲ ಮಾಡಿದ್ದೀವಿ ಅಂದ್ಕೊಂಡಿದ್ದೀವಿ. ಸರಿ ಇದೆಯಾ ಅಂತ ಗೊತ್ತಾಗೋದು ಹೇಗೆ?

ಅಂಗವಿಕಲರನ್ನೇ ಕರೆಸಿ ನೋಡಿಸಿ. ಉದ್ಘಾಟನೆಯ ಫೋಟೋಗೆ ಕರೆಯಬೇಡಿ, ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಕರೆಯಿರಿ. ಒಬ್ಬರನ್ನು ಕರೆದು ಮುಗಿಸಬೇಡಿ. ವೀಲ್‌ಚೇರ್ ಬಳಸುವವರಿಗೆ ಬೇಕಾದ ಏರುಪೇರಿಲ್ಲದ ನೆಲ, ಕೋಲು ತಟ್ಟಿ ನಡೆಯುವವರಿಗೆ ಬೇಕಾದ ಉಬ್ಬು ಗುರುತು, ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಉಬ್ಬು ಗುರುತು ಎಲ್ಲಿ ಹೋಗಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಅವರನ್ನು ಸುಮ್ನೆ ಬಿಡಿ, ಹಿಂದೆ ಹಿಂದೆ ಹೋಗಿ ವಿವರಣೆ ಕೊಡಬೇಡಿ. ಎಲ್ಲಿ ನಿಂತರು, ಎಲ್ಲಿ ವಾಪಸ್ ತಿರುಗಿದರು, ಯಾವ ಚಿತ್ರದ ಹತ್ತಿರ ಹೋಗಲೇ ಇಲ್ಲ ಅಂತ ಬರೆದುಕೊಳ್ಳಿ.

ಬೇರೆ ಸಲಹೆಗಾರರಿಗೆ ಕೊಡುವ ಹಾಗೆ ಅವರಿಗೂ ಫೀಸ್ ಕೊಡಿ. ಹೋಗಿ ಬರುವ ಕ್ಯಾಬ್ ಖರ್ಚು ಬೇರೆ, ಜೊತೆಗೆ ಬಂದವರ ಊಟ ಬೇರೆ. ಅವರು ಹೇಳಿದ ಪ್ರತಿ ತೊಂದರೆಯ ಮುಂದೆ ಸರಿಮಾಡುವವರ ಹೆಸರು ಮತ್ತು ತಾರೀಖು ಬರೆದು ಪಟ್ಟಿಯನ್ನು ಅವರಿಗೂ ಒಂದು ಪ್ರತಿ ಕಳಿಸಿ, ಮುಂದಿನ ವರ್ಷ ಅದೇ ಜನರನ್ನು ಅದೇ ಪಟ್ಟಿ ಹಿಡಿದುಕೊಂಡು ಬರೋಕೆ ಹೇಳಿ.